ಠೇವಣಿ ಕಳೆದುಕೊಂಡವರ ಲೆಕ್ಕ

ಪ್ರತಿ ಚುನಾವಣೆಯಲ್ಲೂ ಮತಯಂತ್ರದ ಮೇಲೆ ಎರಡು ಮೂರು ಪರಿಚಿತ ಗುರುತುಗಳ ಕೆಳಗೆ ಹೆಸರೇ ಕೇಳದ ಕೆಲವು ಗುರುತುಗಳು ಇರುತ್ತವೆ. ಅವುಗಳ ಪಕ್ಕದ ಹೆಸರುಗಳಲ್ಲಿ ಒಂದಾದರೂ ಊರಿನವರಿಗೆ ಗೊತ್ತಿರುವ, ನಾಲ್ಕು ಜನರ ಕಷ್ಟಕ್ಕೆ ನಿಂತ ವ್ಯಕ್ತಿಯದ್ದಾಗಿರುತ್ತದೆ. 'ಒಳ್ಳೆಯ ಮನುಷ್ಯ, ಆದರೆ ಗೆಲ್ಲುವುದಿಲ್ಲ, ಓಟು ಯಾಕೆ ಹಾಳು ಮಾಡುವುದು' ಎಂಬ ಮಾತು ಕಳಸದ ಸಂತೆಯಲ್ಲಿಯೂ ಮೂಡಿಗೆರೆಯ ಬಸ್ ನಿಲ್ದಾಣದಲ್ಲಿಯೂ ಒಂದೇ ಧಾಟಿಯಲ್ಲಿ ಕೇಳಿಬರುತ್ತದೆ. ಆ ವ್ಯಕ್ತಿ ಮೊದಲ ಸಲ ಸೋತಾಗ ಜನ ಮರುಗುತ್ತಾರೆ. ಎರಡನೆಯ ಸಲ ನಿಂತಾಗ ಸುಮ್ಮನಾಗುತ್ತಾರೆ. ಮೂರನೆಯ ಸಲ ನಿಂತರೆ ನಗುತ್ತಾರೆ.

ಈ ನಗೆ ಎಷ್ಟು ಸರಿ ಎಂಬುದನ್ನು ಪರಿಶೀಲಿಸಬೇಕಾಗಿದೆ. ಸೋಲುತ್ತೇನೆಂದು ಗೊತ್ತಿದ್ದೂ ಮತ್ತೆ ಮತ್ತೆ ಕಣಕ್ಕಿಳಿಯುವ ಮೂರನೆಯ ಪಕ್ಷದ ಅಭ್ಯರ್ಥಿಯಿಂದ ಸಮಾಜಕ್ಕೆ ದಕ್ಕುವುದೇನು? ಅದು ವ್ಯಕ್ತಿಯ ಹಠವೇ, ಚಳವಳಿಯ ಒಂದು ವಿಧಾನವೇ? ಇಂತಹ ಅಭ್ಯರ್ಥಿಗೆ ಮತ ಕೊಡುವುದು ಯಾವಾಗ ವಿವೇಕ, ಯಾವಾಗ ಅವಿವೇಕ? ಮುಂದಿನ ವಿಧಾನಸಭಾ ಚುನಾವಣೆ 2028ರಲ್ಲಿ ಬರಬೇಕು. ನಾಮಪತ್ರ ಸಲ್ಲಿಸುವ ವಾರದಲ್ಲಿ ಈ ಪ್ರಶ್ನೆಗಳಿಗೆ ಉತ್ತರ ಹುಡುಕಲು ಹೊರಟರೆ ಫಲವಿಲ್ಲ. ಈಗಲೇ ಚರ್ಚೆಯಾಗುವುದು ಒಳ್ಳೆಯದು.

ಮೇಲುಕೋಟೆಯ ಪಾಠ

ಕರ್ನಾಟಕದಲ್ಲಿ ಇಡೀ ರಾಜ್ಯದ ಮತದಾರರು ಒಟ್ಟಾಗಿ ಒಬ್ಬರನ್ನು ಆರಿಸುವ ಹುದ್ದೆಯೇ ಇಲ್ಲ. ಮುಖ್ಯಮಂತ್ರಿಯನ್ನು ಆರಿಸುವವರು ಶಾಸಕರು. ಆದ್ದರಿಂದ ಇಲ್ಲಿನ ಸಣ್ಣ ಪಕ್ಷವೊಂದು ರಾಜ್ಯಮಟ್ಟದ ಮಾತನ್ನು ಆಡಬೇಕಾದರೆ ಯಾವುದಾದರೂ ಒಂದು ಕ್ಷೇತ್ರದ ಮಣ್ಣಿನಲ್ಲಿ ಬೇರೂರಿಯೇ ಆಡಬೇಕು. ಅದನ್ನು ಮಾಡಿ ತೋರಿಸಿದ ಉದಾಹರಣೆ ಮಂಡ್ಯ ಜಿಲ್ಲೆಯ ಪಾಂಡವಪುರ ಸೀಮೆಯಲ್ಲಿದೆ.

1980ರ ನರಗುಂದ–ನವಲಗುಂದ ರೈತ ಬಂಡಾಯದ ಬಿಸಿಯಲ್ಲಿ ರೂಪುಗೊಂಡ ಕರ್ನಾಟಕ ರಾಜ್ಯ ರೈತ ಸಂಘವು ಹಸಿರು ಶಾಲನ್ನು ಹಳ್ಳಿಹಳ್ಳಿಗೆ ಒಯ್ದಿತು. ಸಾಲ ವಸೂಲಿಗೆ ಬರುವ ಅಧಿಕಾರಿಗಳು ಅಪ್ಪಣೆಯಿಲ್ಲದೆ ಊರೊಳಗೆ ಬರಬಾರದೆಂಬ ಫಲಕಗಳು ಊರಬಾಗಿಲುಗಳಲ್ಲಿ ನಿಂತವು. ಚಳವಳಿಯ ಈ ಬಲವು ಮತಪೆಟ್ಟಿಗೆಯಲ್ಲಿ ಅಷ್ಟೇ ಪ್ರಮಾಣದಲ್ಲಿ ಕಾಣಿಸಿಕೊಳ್ಳಲಿಲ್ಲ. 1989ರ ವಿಧಾನಸಭಾ ಚುನಾವಣೆಯಲ್ಲಿ ಬಾಬಾಗೌಡ ಪಾಟೀಲರು ಕಿತ್ತೂರು ಮತ್ತು ಧಾರವಾಡ ಗ್ರಾಮಾಂತರ ಎರಡು ಕ್ಷೇತ್ರಗಳಲ್ಲಿಯೂ ಗೆದ್ದರು. ಅವರು ತೆರವು ಮಾಡಿದ ಧಾರವಾಡ ಗ್ರಾಮಾಂತರದಿಂದ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರು ಉಪಚುನಾವಣೆಯಲ್ಲಿ ಗೆದ್ದು ವಿಧಾನಸಭೆಗೆ ಬಂದರು. ಲಕ್ಷಾಂತರ ರೈತರನ್ನು ಬೀದಿಗಿಳಿಸಬಲ್ಲ ಸಂಘಟನೆಗೆ ಶಾಸನಸಭೆಯಲ್ಲಿ ದೊರೆತದ್ದು ಬೆರಳೆಣಿಕೆಯ ಪೀಠಗಳು. ಮುಂದೆ ಬಾಬಾಗೌಡರು ಭಾರತೀಯ ಜನತಾ ಪಕ್ಷವನ್ನು ಸೇರಿ ಕೇಂದ್ರದಲ್ಲಿ ರಾಜ್ಯ ಸಚಿವರಾದರು. ಸಂಘ ಒಡೆಯಿತು. 2004ರ ಫೆಬ್ರವರಿಯಲ್ಲಿ ನಂಜುಂಡಸ್ವಾಮಿಯವರು ತೀರಿಕೊಂಡರು.

ಇಷ್ಟೆಲ್ಲ ಏರಿಳಿತದ ನಡುವೆ ಒಂದು ಕ್ಷೇತ್ರದಲ್ಲಿ ಮಾತ್ರ ಹಸಿರು ಶಾಲಿನ ಅಭ್ಯರ್ಥಿ ಕದಲದೆ ನಿಂತರು. ಕ್ಯಾತನಹಳ್ಳಿಯ ಕೆ.ಎಸ್. ಪುಟ್ಟಣ್ಣಯ್ಯನವರು 1994ರಲ್ಲಿ ಪಾಂಡವಪುರದಿಂದ ಶಾಸಕರಾದರು. ಆ ಅವಧಿ ಮುಗಿದ ಮೇಲೆ, 1999ರಿಂದ 2013ರವರೆಗೆ ಹದಿನಾಲ್ಕು ವರ್ಷ, ಕ್ಷೇತ್ರವು ಬೇರೆಯವರ ಕೈಯಲ್ಲಿತ್ತು. ಪುನರ್ವಿಂಗಡಣೆಯಲ್ಲಿ ಕ್ಷೇತ್ರದ ಹೆಸರು ಮೇಲುಕೋಟೆಯಾಯಿತು. 2008ರಲ್ಲಿ ಅವರು ಅಲ್ಲಿ ಸೋತರು. 2013ರಲ್ಲಿ ಸರ್ವೋದಯ ಕರ್ನಾಟಕ ಪಕ್ಷದ ಅಭ್ಯರ್ಥಿಯಾಗಿ ಗೆದ್ದರು. ಅವಧಿ ಮುಗಿಯುವ ಮೊದಲೇ, 2018ರ ಫೆಬ್ರವರಿಯಲ್ಲಿ, ಮಂಡ್ಯದಲ್ಲಿ ಕಬಡ್ಡಿ ಪಂದ್ಯ ನೋಡುತ್ತಿದ್ದಾಗ ಹೃದಯಾಘಾತದಿಂದ ನಿಧನರಾದರು. ಅದೇ ವರ್ಷ ಅವರ ಮಗ ದರ್ಶನ್ ಪುಟ್ಟಣ್ಣಯ್ಯ ಸ್ವರಾಜ್ ಇಂಡಿಯಾ ಅಭ್ಯರ್ಥಿಯಾಗಿ ನಿಂತು ಇಪ್ಪತ್ತು ಸಾವಿರಕ್ಕೂ ಹೆಚ್ಚು ಮತಗಳ ಅಂತರದಲ್ಲಿ ಸೋತರು. 2023ರಲ್ಲಿ ಸರ್ವೋದಯ ಕರ್ನಾಟಕ ಪಕ್ಷದಿಂದ ಮತ್ತೆ ನಿಂತು ಸುಮಾರು ಹತ್ತು ಸಾವಿರ ಮತಗಳಿಂದ ಗೆದ್ದರು.

ಈ ಕಥೆಯನ್ನು ಗೆಲುವಿನ ಕಥೆಯೆಂದು ಹೇಳಿಬಿಡುವುದು ಸುಲಭ. ಆದರೆ ಅದರಲ್ಲಿ ಗಮನಿಸಬೇಕಾದ ಮೂರು ಸಂಗತಿಗಳಿವೆ. ಮೊದಲನೆಯದು, ಸೋತ ಹದಿನಾಲ್ಕು ವರ್ಷಗಳಲ್ಲಿಯೂ ಪುಟ್ಟಣ್ಣಯ್ಯನವರು ಕ್ಷೇತ್ರ ಬದಲಿಸಲಿಲ್ಲ, ಗೆಲ್ಲುವ ಪಕ್ಷ ಹುಡುಕಿಕೊಂಡು ಹೋಗಲಿಲ್ಲ. ಕಬ್ಬಿನ ಬಾಕಿ, ಕಾಲುವೆ ನೀರು, ವಿದ್ಯುತ್ ಎಂದು ರೈತರ ನಡುವೆಯೇ ಇದ್ದರು. ಎರಡನೆಯದು, 2018ರಲ್ಲಿಯೂ 2023ರಲ್ಲಿಯೂ ಕಾಂಗ್ರೆಸ್ ಪಕ್ಷವು ಅಲ್ಲಿ ಅಭ್ಯರ್ಥಿಯನ್ನು ಹಾಕದೆ ಬೆಂಬಲ ಕೊಟ್ಟಿತು. ಬೆಂಬಲವಿದ್ದರೂ ಮೊದಲ ಸಲ ಸೋಲೇ ಆಯಿತೆಂಬುದರಿಂದ ದೊಡ್ಡ ಪಕ್ಷದ ಕೃಪೆಯೊಂದೇ ಸಾಲದೆಂದು ತಿಳಿಯುತ್ತದೆ. ಹಾಗೆಯೇ ಆ ಬೆಂಬಲವಿಲ್ಲದಿದ್ದರೆ ಎರಡನೆಯ ಸಲದ ಗೆಲುವೂ ಕಷ್ಟವಿತ್ತೆಂಬುದನ್ನು ಒಪ್ಪಬೇಕು. ಮೂರನೆಯದು ಕಹಿಯಾದದ್ದು. ನಾಲ್ಕು ದಶಕಗಳ ಸಂಘಟನೆಯ ಫಲವಾಗಿ ಚಳವಳಿಗೆ ಉಳಿದದ್ದು ಒಂದು ಕ್ಷೇತ್ರ, ಅದೂ ತಂದೆಯ ನಂತರ ಮಗನಿಗೆ. ಅದು ಮಗನ ತಪ್ಪೇನಲ್ಲ. ಆದರೆ ಎರಡನೆಯ ಸಾಲಿನ ನಾಯಕರನ್ನು ಊರೂರುಗಳಲ್ಲಿ ಬೆಳೆಸದಿದ್ದರೆ ಯಾವ ಚಳವಳಿಯೂ ಮನೆತನದ ಆಸರೆಗೆ ಬಂದು ನಿಲ್ಲುತ್ತದೆಂಬ ಎಚ್ಚರಿಕೆ ಅದರಲ್ಲಿದೆ.

ಸೋತವರ ಮಾತು ಎಲ್ಲಿ ಹೋಗುತ್ತದೆ

ಮೂರನೆಯವರ ಸ್ಪರ್ಧೆಯನ್ನು ಗೆದ್ದ ಪೀಠಗಳಿಂದ ಮಾತ್ರ ಅಳೆಯಬಾರದೆಂಬುದಕ್ಕೆ ಮಲೆನಾಡಿನಲ್ಲೇ ಹಳೆಯ ಸಾಕ್ಷಿಯಿದೆ. ಸಾಗರ ಸೀಮೆಯ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರ ಸತ್ಯಾಗ್ರಹ ನಡೆಯಿತು. ಅದರ ಮುಂಚೂಣಿಯಲ್ಲಿದ್ದ ಸಮಾಜವಾದಿ ಶಾಂತವೇರಿ ಗೋಪಾಲಗೌಡರು 1952ರಲ್ಲಿ ಶಾಸಕರಾದರು, 1957ರಲ್ಲಿ ಸೋತರು, 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಮತ್ತೆ ಗೆದ್ದರು. ಅವರ ಪಕ್ಷ ಎಂದೂ ಅಧಿಕಾರಕ್ಕೆ ಬರಲಿಲ್ಲ. 1972ರಲ್ಲಿ ಅವರು ತೀರಿಕೊಂಡರು. ಉಳುವವನಿಗೆ ಭೂಮಿ ಎಂಬ ಮಾತನ್ನು ಕಾನೂನಿಗೆ ತಂದದ್ದು ದೇವರಾಜ ಅರಸು ಅವರ ಸರ್ಕಾರ, 1974ರಲ್ಲಿ. ಸಣ್ಣ ಪಕ್ಷ ಎರಡು ದಶಕ ಹೇಳಿದ್ದನ್ನು ದೊಡ್ಡ ಪಕ್ಷ ಮಾಡಿತು. ಆ ಎರಡು ದಶಕದ ಮಾತಿಲ್ಲದೆ ಹೋಗಿದ್ದರೆ ಅದಕ್ಕೆ ನೆಲ ಹದವಾಗುತ್ತಿರಲಿಲ್ಲ.

ಇಲ್ಲಿ ಕಾಫಿ ಸೀಮೆಯ ಓದುಗರು ನೆನಪಿಡಬೇಕಾದ ಒಂದು ಅಂಶವಿದೆ. ಅದೇ ಭೂಸುಧಾರಣಾ ಕಾಯ್ದೆಯು ಕಾಫಿ, ಚಹಾ, ಏಲಕ್ಕಿ, ಮೆಣಸು, ರಬ್ಬರ್ ತೋಟಗಳನ್ನು ಭೂಮಿತಿಯಿಂದ ಹೊರಗಿಟ್ಟಿತು. ಗದ್ದೆಯ ಗೇಣಿದಾರನ ಪರವಾಗಿ ಮಾತನಾಡುವ ಗೋಪಾಲಗೌಡರಂಥವರು ಶಾಸನಸಭೆಯಲ್ಲಿದ್ದರು. ಲೈನ್ ಮನೆಯ ಕಾರ್ಮಿಕರ ಪರವಾಗಿ ಅಷ್ಟೇ ಹಠದಿಂದ ಚುನಾವಣೆಯಿಂದ ಚುನಾವಣೆಗೆ ನಿಲ್ಲುವ ದನಿ ಈ ಬೆಟ್ಟಗಳಲ್ಲಿ ಬೆಳೆಯಲಿಲ್ಲ. ಮನೆಯಡಿಯ ನೆಲವೂ ಸ್ವಂತದ್ದಲ್ಲದ ಕುಟುಂಬಗಳು ತೋಟಗಳಲ್ಲಿ ಉಳಿದವು.

ಇದಕ್ಕೆ ಪ್ರತಿಯಾಗಿ ಒಂದೇ ಸಲದ ಸ್ಪರ್ಧೆಗಳನ್ನೂ ನೋಡಬಹುದು. 1978ರ ನವೆಂಬರ್‌ನಲ್ಲಿ ಚಿಕ್ಕಮಗಳೂರು ಲೋಕಸಭಾ ಉಪಚುನಾವಣೆಗೆ ಇಡೀ ದೇಶದ ಕಣ್ಣು ನೆಟ್ಟಿತ್ತು. ಡಿ.ಬಿ. ಚಂದ್ರೇಗೌಡರು ತೆರವು ಮಾಡಿದ ಸ್ಥಾನಕ್ಕೆ ಇಂದಿರಾ ಗಾಂಧಿಯವರು ನಿಂತು ಜನತಾ ಪಕ್ಷದ ವೀರೇಂದ್ರ ಪಾಟೀಲರನ್ನು 70 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿದರು. ಮರುತಿಂಗಳೇ ಲೋಕಸಭೆ ಅವರನ್ನು ಹೊರಹಾಕಿತು. 1980ರಲ್ಲಿ ಅವರು ರಾಯ್‌ಬರೇಲಿ ಮತ್ತು ಮೇದಕ್‌ನಿಂದ ಸ್ಪರ್ಧಿಸಿದರು, ಚಿಕ್ಕಮಗಳೂರಿಗೆ ಮರಳಲಿಲ್ಲ. ಬೆಟ್ಟದ ಜನ ಮತ ಕೊಟ್ಟರು, ದೊಡ್ಡವರ ಕೆಲಸ ಮುಗಿಯಿತು.

ಪರಿಸರದ ಹೆಸರಿನಲ್ಲಿಯೂ ಒಂದು ಸಲದ ದೊಡ್ಡ ಸ್ಪರ್ಧೆ ನಡೆದಿದೆ. 1989ರಲ್ಲಿ ಡಾ. ಶಿವರಾಮ ಕಾರಂತರು ಕೈಗಾ ಅಣುಸ್ಥಾವರವನ್ನು ವಿರೋಧಿಸಿ ಉತ್ತರ ಕನ್ನಡದಿಂದ ಲೋಕಸಭೆಗೆ ನಿಂತರು. ಆಗ ಅವರಿಗೆ 87 ವರ್ಷ. ಜ್ಞಾನಪೀಠದ ಕೀರ್ತಿ, ಜೀವಮಾನದ ನೈತಿಕ ಬಲ ಎರಡೂ ಅವರ ಹಿಂದಿದ್ದವು. ಅವರು ಸೋತರು. 2000ನೇ ಇಸವಿಯಲ್ಲಿ ಕೈಗಾದ ಮೊದಲ ಎರಡು ಘಟಕಗಳು ವಿದ್ಯುತ್ ಉತ್ಪಾದನೆ ಆರಂಭಿಸಿದವು. ಆ ಸ್ಪರ್ಧೆ ಅಣುಸ್ಥಾವರದ ಪ್ರಶ್ನೆಯನ್ನು ನಾಡಿನ ಮನೆಮನೆಗೆ ಮುಟ್ಟಿಸಿತು, ಅದರ ಬೆಲೆ ಕಡಿಮೆಯೇನಲ್ಲ. ಆದರೆ ಕಾರಂತರಿಗೆ ಬಿದ್ದ ಮತಗಳನ್ನು ಮುಂದಿನ ಚುನಾವಣೆಗೆ ಕಾಪಿಟ್ಟುಕೊಳ್ಳುವ ಸಂಘಟನೆ ಹಿಂದೆ ಉಳಿಯಲಿಲ್ಲ. ವ್ಯಕ್ತಿಯ ಎತ್ತರ ಎಷ್ಟೇ ಇರಲಿ, ಅದು ಊರಿನ ಸಮಿತಿಯ ಜಾಗವನ್ನು ತುಂಬುವುದಿಲ್ಲ.

ಕಡಲಾಚೆಯ ಒಂದು ಪ್ರಯೋಗ

ಹಸಿರು ರಾಜಕಾರಣದ ಅಭ್ಯರ್ಥಿ ಪದೇ ಪದೇ ನಿಂತರೆ ಏನಾಗಬಹುದೆಂಬುದಕ್ಕೆ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಸ್ಪಷ್ಟವಾದ ದಾಖಲೆ ಸಿಗುತ್ತದೆ. ಅಲ್ಲಿ ರಾಜ್ಯಪಾಲರನ್ನು ಇಡೀ ರಾಜ್ಯದ ಜನರೇ ನೇರವಾಗಿ ಆರಿಸುತ್ತಾರೆ. ಪಾರ್ಸೆಲ್ ಕಂಪನಿಯೊಂದರ ಲಾರಿಗಳಿಂದ ರಾತ್ರಿಪಾಳಿಯಲ್ಲಿ ಸರಕು ಇಳಿಸುತ್ತಿದ್ದ ಕಾರ್ಮಿಕ ಹೋವಿ ಹಾಕಿನ್ಸ್ ಗ್ರೀನ್ ಪಕ್ಷದಿಂದ 2010, 2014 ಮತ್ತು 2018ರಲ್ಲಿ ಮೂರು ಸಲ ಆ ಹುದ್ದೆಗೆ ನಿಂತರು. ಮೊದಲ ಸಲ ಬಂದದ್ದು ಸುಮಾರು 60 ಸಾವಿರ ಮತ. 50 ಸಾವಿರ ದಾಟಿದ್ದರಿಂದ ಪಕ್ಷಕ್ಕೆ ಮತಪತ್ರದಲ್ಲಿ ಖಾಯಂ ಸಾಲು ದೊರೆಯಿತು. ಎರಡನೆಯ ಸಲ ಮತ 1 ಲಕ್ಷ 84 ಸಾವಿರದಷ್ಟಾಯಿತು, ಅಂದರೆ ಶೇಕಡ 5ರ ಸಮೀಪ. ಬಂಡೆ ಸೀಳಿ ಅನಿಲ ತೆಗೆಯುವ ಉದ್ಯಮವನ್ನು ನಿಷೇಧಿಸಬೇಕೆಂಬುದು ಅವರ ಮುಖ್ಯ ಬೇಡಿಕೆಗಳಲ್ಲಿ ಒಂದಾಗಿತ್ತು. ಆ ಚುನಾವಣೆ ಮುಗಿದ ಮರುತಿಂಗಳು, 2014ರ ಡಿಸೆಂಬರ್‌ನಲ್ಲಿ, ಗೆದ್ದ ರಾಜ್ಯಪಾಲ ಆಂಡ್ರೂ ಕ್ಯೂಮೊ ಅವರ ಸರ್ಕಾರ ನಿಷೇಧವನ್ನು ಘೋಷಿಸಿತು. ಊರೂರುಗಳಲ್ಲಿ ವರ್ಷಗಳ ಕಾಲ ನಡೆದ ಹೋರಾಟವೇ ಅದರ ಮೂಲ ಕಾರಣ. ಆದರೆ ಹೋರಾಟದ ಹಿಂದೆ ಎಣಿಸಬಹುದಾದ ಮತಗಳಿವೆಯೆಂದು ತೋರಿಸಿದ ಕೆಲಸ ಆ ಸೋತ ಅಭ್ಯರ್ಥಿಯದು.

ಮುಂದಿನದೂ ಪಾಠವೇ. 2018ರಲ್ಲಿ ಹಾಕಿನ್ಸ್‌ಗೆ ಬಂದದ್ದು ಸುಮಾರು 1 ಲಕ್ಷ ಮತ. 2020ರಲ್ಲಿ ಆ ರಾಜ್ಯ ನಿಯಮವನ್ನೇ ಬಿಗಿಗೊಳಿಸಿತು. 1 ಲಕ್ಷ 30 ಸಾವಿರ ಮತ ಅಥವಾ ಶೇಕಡ 2, ಎರಡರಲ್ಲಿ ಹೆಚ್ಚಿನದನ್ನು ಪ್ರತಿ ಎರಡು ವರ್ಷಕ್ಕೊಮ್ಮೆ ಪಡೆದರೆ ಮಾತ್ರ ಸಾಲು ಉಳಿಯುತ್ತದೆ ಎಂದಾಯಿತು. ಗ್ರೀನ್ ಪಕ್ಷ ಅದನ್ನು ಕಳೆದುಕೊಂಡಿತು. ಮೂರನೆಯವರು ಬೆಳೆಯತೊಡಗಿದಾಗ ಮೊದಲಿಬ್ಬರು ಆಟದ ನಿಯಮವನ್ನು ಬದಲಿಸುತ್ತಾರೆ.

ನಿಯಮದ ಮಹತ್ವವನ್ನು ಜರ್ಮನಿಯಲ್ಲಿ ಕಾಣಬಹುದು. ಅಲ್ಲಿನ ಗ್ರೀನ್ ಪಕ್ಷ 1980ರಲ್ಲಿ ಹುಟ್ಟಿತು, 1983ರಲ್ಲಿ ಶೇಕಡ 5.6 ಮತ ಪಡೆದು ಸಂಸತ್ತನ್ನು ಪ್ರವೇಶಿಸಿತು. ಅಲ್ಲಿ ಶೇಕಡ 5 ದಾಟಿದ ಪಕ್ಷಕ್ಕೆ ಮತಗಳ ಪ್ರಮಾಣದಲ್ಲಿ ಸ್ಥಾನ ಸಿಗುತ್ತದೆ. ಅಷ್ಟೇ ಮತಗಳು ಕರ್ನಾಟಕದ 224 ಕ್ಷೇತ್ರಗಳಲ್ಲಿ ಹರಡಿಕೊಂಡು ಬಂದರೆ ಒಂದು ಸ್ಥಾನವೂ ಸಿಗದೆ ಹೋಗಬಹುದು. ಇಲ್ಲಿನ ಸಣ್ಣ ಪಕ್ಷಗಳ ಸೋಲನ್ನು ಜನರ ತಿರಸ್ಕಾರವೆಂದು ಮಾತ್ರ ಓದುವುದು ಸರಿಯಲ್ಲ. ಎಣಿಕೆಯ ವಿಧಾನವೂ ಅವರನ್ನು ಸೋಲಿಸುತ್ತದೆ.

722 ಮತಗಳ ಪ್ರಶ್ನೆ

'ಓಟು ಹಾಳು' ಎಂಬ ಭಯವನ್ನು ಹೀಗಳೆದು ಮುಂದೆ ಹೋಗಲಾಗದು. 2000ನೇ ಇಸವಿಯ ಅಮೆರಿಕ ಅಧ್ಯಕ್ಷ ಚುನಾವಣೆಯಲ್ಲಿ ಫ್ಲಾರಿಡಾ ರಾಜ್ಯದ ಫಲಿತಾಂಶ ನಿರ್ಧಾರವಾದದ್ದು 537 ಮತಗಳಿಂದ. ಅಲ್ಲಿ ಗ್ರೀನ್ ಪಕ್ಷದ ರಾಲ್ಫ್ ನೇಡರ್ ಪಡೆದದ್ದು 97 ಸಾವಿರಕ್ಕೂ ಹೆಚ್ಚು. ಮೂಡಿಗೆರೆಯಲ್ಲಿ 2023ರಲ್ಲಿ ಕಾಂಗ್ರೆಸ್ಸಿನ ನಯನ ಮೋಟಮ್ಮನವರು ಬಿಜೆಪಿಯ ದೀಪಕ್ ದೊಡ್ಡಯ್ಯನವರನ್ನು ಸೋಲಿಸಿದ್ದು 722 ಮತಗಳಿಂದ. ಮೂರನೆಯ ಸ್ಥಾನದಲ್ಲಿದ್ದ ಎಂ.ಪಿ. ಕುಮಾರಸ್ವಾಮಿಯವರಿಗೆ ಸುಮಾರು 26 ಸಾವಿರ ಮತ ಬಂದಿತ್ತು. ಅವರು ಆ ಕ್ಷೇತ್ರದ ಬಿಜೆಪಿ ಶಾಸಕರಾಗಿದ್ದು, ಟಿಕೆಟ್ ತಪ್ಪಿದ ಮೇಲೆ ಚುನಾವಣೆಯ ಹೊಸ್ತಿಲಲ್ಲಿ ಜನತಾದಳಕ್ಕೆ ಬಂದವರು. ಅದೇ ಜನತಾದಳದ ಬಿ.ಬಿ. ನಿಂಗಯ್ಯನವರು 2013ರಲ್ಲಿ ಇಲ್ಲಿ ಗೆದ್ದಿದ್ದರು. ಮೂಡಿಗೆರೆಯ ಮತದಾರರು ಎರಡೇ ಪಕ್ಷಗಳಿಗೆ ಕಟ್ಟುಬಿದ್ದವರಲ್ಲವೆಂಬುದು ಇದರಿಂದ ತಿಳಿಯುತ್ತದೆ. ಮೂರನೆಯವರಿಗೆ ಬೀಳುವ ಮತ ಯಾರನ್ನೋ ಶಾಸಕರನ್ನಾಗಿಸುತ್ತದೆ, ಯಾರನ್ನೋ ಮನೆಗೆ ಕಳಿಸುತ್ತದೆಂಬುದೂ ತಿಳಿಯುತ್ತದೆ.

ಆದ್ದರಿಂದ ಎರಡು ಬಗೆಯ ಮೂರನೆಯವರನ್ನು ಬೇರ್ಪಡಿಸಿ ನೋಡಬೇಕು. ಟಿಕೆಟ್ ಸಿಗದೆ ಮುನಿಸಿಕೊಂಡು ಇನ್ನೊಂದು ಗುರುತಿನ ಕೆಳಗೆ ನಿಲ್ಲುವವರು ಒಂದು ಬಗೆ. ಅವರಿಗೆ ಬೀಳುವುದು ವ್ಯಕ್ತಿಯ ಮತ, ಮುಂದಿನ ಚುನಾವಣೆಗೆ ಅದು ಅವರೊಡನೆ ಎಲ್ಲಿಗೆ ಬೇಕಾದರೂ ಹೋಗುತ್ತದೆ. ಒಂದು ಕಾರ್ಯಕ್ರಮವನ್ನು ಹಿಡಿದು ಅದೇ ಕ್ಷೇತ್ರದಲ್ಲಿ ಸೋತರೂ ನಿಲ್ಲುವವರು ಇನ್ನೊಂದು ಬಗೆ. ಅವರಿಗೆ ಬೀಳುವ ಸಾವಿರ ಮತವೂ ಒಂದು ಬೇಡಿಕೆಯ ಲೆಕ್ಕ. ಗೆದ್ದವರೂ ಸೋತವರೂ ಆ ಲೆಕ್ಕವನ್ನು ಮತ ಎಣಿಕೆಯ ದಿನವೇ ನೋಡುತ್ತಾರೆ. 722ರಿಂದ ಗೆಲುವು ಸೋಲು ನಿರ್ಧಾರವಾಗುವ ಕ್ಷೇತ್ರದಲ್ಲಿ ಮೂರು ಸಾವಿರ ನಿಷ್ಠಾವಂತ ಮತಗಳಿರುವ ಚಳವಳಿಯ ಮಾತನ್ನು ಯಾವ ಅಭ್ಯರ್ಥಿಯೂ ಕಡೆಗಣಿಸಲಾರ.

ಆದರೆ ಆ ಮತಗಳ ಮೇಲೆ ಚೌಕಾಸಿ ನಡೆಸುವುದಾದರೆ ಅದು ಬಹಿರಂಗವಾಗಿಯೇ ನಡೆಯಬೇಕು. ಮೇಲುಕೋಟೆಯಲ್ಲಿ ಬೆಂಬಲ ಕೊಟ್ಟವರು ಯಾರು, ಪಡೆದವರು ಯಾರು ಎಂಬುದು ಮತದಾರರಿಗೆ ಮೊದಲೇ ಗೊತ್ತಿತ್ತು. ಕೊನೆಯ ರಾತ್ರಿ ಸದ್ದಿಲ್ಲದೆ ಹಿಂದೆ ಸರಿಯುವ ಅಭ್ಯರ್ಥಿಯು ತನ್ನ ಹೆಸರಿನೊಡನೆ ಮುಂದಿನ ಹತ್ತು ವರ್ಷಗಳ ನಂಬಿಕೆಯನ್ನೂ ಮಾರಿಕೊಳ್ಳುತ್ತಾನೆ.

ಅಭ್ಯರ್ಥಿ ಯಾರು

ಮಂಡ್ಯದ ಮಾದರಿಯನ್ನು ಕಾಫಿ ಬೆಟ್ಟಗಳಿಗೆ ಹಾಗೆಯೇ ಎತ್ತಿ ನೆಡಲಾಗದು. ಅಲ್ಲಿ ನಾಲೆಯ ಕೆಳಗೆ ಒಂದೇ ಬೆಳೆಯ, ಒಂದೇ ಬಗೆಯ ಕಷ್ಟದ ರೈತರಿದ್ದಾರೆ. ಇಲ್ಲಿ ಒಂದೇ ರಸ್ತೆಯ ಬದಿಯಲ್ಲಿ ದೊಡ್ಡ ತೋಟದ ಮಾಲೀಕ, ಎರಡು ಎಕರೆಯ ಸಣ್ಣ ಬೆಳೆಗಾರ, ಒತ್ತುವರಿ ಜಮೀನಿಗೆ ಅರ್ಜಿ ಹಾಕಿ ಕಾಯುತ್ತಿರುವ ಕುಟುಂಬ, ಲೈನ್ ಮನೆಯ ಕಾರ್ಮಿಕ, ರಾಷ್ಟ್ರೀಯ ಉದ್ಯಾನದ ಅಂಚಿನ ಗಿರಿಜನ ಎಲ್ಲರೂ ಇದ್ದಾರೆ. ಆನೆ ಎಲ್ಲರ ತೋಟಕ್ಕೂ ಬರುತ್ತದೆ, ಆದರೆ ಬೆಳಿಗ್ಗೆ ಆರು ಗಂಟೆಗೆ ಕೆಲಸಕ್ಕೆ ನಡೆದು ಹೋಗುವವರಿಗೆ ಎದುರಾಗುವ ಆನೆಯೇ ಬೇರೆ. ಮಳೆ ಎಲ್ಲರ ಮೇಲೂ ಸುರಿಯುತ್ತದೆ, ಆದರೆ 2019ರ ಆಗಸ್ಟ್‌ನಲ್ಲಿ ಮಲೆಮನೆ, ಮಧುಗುಂಡಿಯಲ್ಲಿ ಗುಡ್ಡ ಕುಸಿದಾಗ ಮನೆಯನ್ನೂ ಜಮೀನನ್ನೂ ಕಳೆದುಕೊಂಡವರು ಸಣ್ಣ ಹಿಡುವಳಿಯವರು. ಪಶ್ಚಿಮಘಟ್ಟದ ಪರಿಸರ ಸೂಕ್ಷ್ಮ ಪ್ರದೇಶ ಕುರಿತು 2014ರಿಂದ 2024ರವರೆಗೆ ಆರು ಕರಡು ಅಧಿಸೂಚನೆಗಳು ಬಂದವು. ಪ್ರತಿ ಸಲವೂ ಹಳ್ಳಿಯವರ ಭಯವನ್ನು ಮತವಾಗಿಸುವುದು ಸುಲಭವಾಯಿತು. ಯಾವ ಕೆಲಸಕ್ಕೆ ನಿಷೇಧ, ಯಾವುದಕ್ಕಿಲ್ಲ ಎಂದು ಸಾಲು ಸಾಲಾಗಿ ಓದಿ ಹೇಳುವ ತಾಳ್ಮೆ ವಿರಳವಾಯಿತು.

ಇದೆಲ್ಲಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯಿದೆ. ಮೂಡಿಗೆರೆಯು ಪರಿಶಿಷ್ಟ ಜಾತಿಗೆ ಮೀಸಲಾದ ಕ್ಷೇತ್ರ. 2008ರಲ್ಲಿ ಜಾರಿಗೆ ಬಂದ ಪುನರ್ವಿಂಗಡಣೆಯ ನಂತರವೂ ಅದು ಹಾಗೆಯೇ ಉಳಿಯಿತು. ಇಲ್ಲಿ ಪರಿಸರ ಚಳವಳಿಯು ಅಭ್ಯರ್ಥಿಯನ್ನು ನಿಲ್ಲಿಸುವುದಾದರೆ ಆ ಅಭ್ಯರ್ಥಿ ಕಾಲೋನಿಯಿಂದ ಅಥವಾ ಲೈನ್ ಮನೆಯಿಂದ ಬರಬೇಕು. ಸಭೆಗಳಲ್ಲಿ ವೇದಿಕೆಯ ಮೇಲೆ ಕೂರುವವರು ಮತ್ತು ಕೆಳಗೆ ಕೂರುವವರು ಯಾರೆಂಬುದನ್ನು ಒಮ್ಮೆ ನೋಡಿಕೊಂಡರೆ ಇದರ ಅರ್ಥ ಗೊತ್ತಾಗುತ್ತದೆ. ದಲಿತ ಕಾರ್ಮಿಕರ ಮಕ್ಕಳಿಗೆ ಚಳವಳಿಯ ನಾಯಕತ್ವ ಒಪ್ಪಿಸದೆ, ಚುನಾವಣೆಯ ಸಮಯದಲ್ಲಿ ಮಾತ್ರ ಒಬ್ಬರನ್ನು ಹುಡುಕಿ ತಂದು ನಿಲ್ಲಿಸಿದರೆ ಅದು ಪ್ರತಿನಿಧಿಯನ್ನು ಬಾಡಿಗೆಗೆ ಪಡೆದಂತೆ. ಕೂಲಿ, ವಸತಿ, ನಿವೇಶನದ ಪ್ರಶ್ನೆಗಳು ಕಾಡು, ಹೊಳೆ, ಆನೆಯ ಪ್ರಶ್ನೆಗಳೊಂದಿಗೆ ಒಂದೇ ಕರಪತ್ರದಲ್ಲಿ ಕೂರುವಂತಾದ ದಿನ ಮೂರನೆಯ ಪಕ್ಷಕ್ಕೆ ಈ ಬೆಟ್ಟಗಳಲ್ಲಿ ನೆಲೆ ಹುಟ್ಟುತ್ತದೆ. ಅದಕ್ಕೆ ಮುಂಚೆ ಹುಟ್ಟುವುದಿಲ್ಲ.

ಹಾಗಾದರೆ ಚುನಾವಣೆಯ ಗೊಡವೆಯೇ ಬೇಡವೆನ್ನುವವರೂ ಇದ್ದಾರೆ. ಅವರ ವಾದಕ್ಕೆ ಕುದುರೆಮುಖ ದೊಡ್ಡ ಆಧಾರ. ಭದ್ರೆಯ ನೀರನ್ನು ಕೆಂಪು ಮಾಡಿದ ಗಣಿಗಾರಿಕೆಯನ್ನು ನಿಲ್ಲಿಸಿದ್ದು ಜನರ ಹೋರಾಟ ಮತ್ತು ಸುಪ್ರೀಂ ಕೋರ್ಟ್. ಕೆ.ಎಂ. ಚಿಣ್ಣಪ್ಪನವರ ಅರ್ಜಿಯ ಮೇಲೆ 2002ರ ಅಕ್ಟೋಬರ್‌ನಲ್ಲಿ ಬಂದ ತೀರ್ಪಿನಂತೆ 2005ರ ಕೊನೆಗೆ ಗಣಿ ನಿಂತಿತು. ಅದಕ್ಕೆ ಚಳವಳಿಯ ಶಾಸಕರೊಬ್ಬರು ಬೇಕಾಗಲಿಲ್ಲ. ಇದು ನಿಜ. ಆದರೆ ನ್ಯಾಯಾಲಯವು ಗಣಿಯನ್ನು ನಿಲ್ಲಿಸಬಲ್ಲದು, ಗಣಿ ನಿಂತ ಮೇಲೆ ಆ ಊರಿನವರ ಅನ್ನಕ್ಕೆ ದಾರಿಯೇನೆಂದು ಬಜೆಟ್ಟಿನಲ್ಲಿ ಹಣ ಇಡಲಾರದು. ಅದು ಶಾಸನಸಭೆಯ ಕೆಲಸ. ಬೇಡವೆನ್ನುವುದಕ್ಕೆ ಕೋರ್ಟು ಸಾಕು. ಬೇಕಾದುದನ್ನು ಮಾಡಿಸಿಕೊಳ್ಳುವುದಕ್ಕೆ ಮತ ಬೇಕು.

ಏಣಿಯ ಮೆಟ್ಟಿಲುಗಳು

ವಿಧಾನಸಭೆಗೆ ನಿಲ್ಲುವ ಸಾಮಾನ್ಯ ಅಭ್ಯರ್ಥಿಯ ಠೇವಣಿ 10 ಸಾವಿರ ರೂಪಾಯಿ, ಪರಿಶಿಷ್ಟ ಜಾತಿ ಪಂಗಡದವರಿಗೆ 5 ಸಾವಿರ. ಕ್ರಮಬದ್ಧ ಮತಗಳಲ್ಲಿ ಆರನೇ ಒಂದು ಪಾಲಿಗಿಂತ ಹೆಚ್ಚು ಬಾರದಿದ್ದರೆ ಅದು ಹೋಗುತ್ತದೆ. 1 ಲಕ್ಷ 30 ಸಾವಿರ ಮತ ಚಲಾವಣೆಯಾದರೆ ಠೇವಣಿ ಉಳಿಯಲು ಬೇಕಾದದ್ದು 21 ಸಾವಿರದ ಏಳುನೂರರ ಆಸುಪಾಸು. 2022ರಲ್ಲಿ ನಿಗದಿಯಾದಂತೆ ಒಬ್ಬ ಅಭ್ಯರ್ಥಿ 40 ಲಕ್ಷ ರೂಪಾಯಿಯವರೆಗೆ ಖರ್ಚು ಮಾಡಬಹುದು. ಮಾನ್ಯತೆಯಿಲ್ಲದ ಪಕ್ಷಕ್ಕೆ ಖಾಯಂ ಗುರುತೂ ಇಲ್ಲ. ಹಿಂದಿನ ಸಲ ಮನೆಮನೆಗೆ ಪರಿಚಯಿಸಿದ ಗುರುತು ಈ ಸಲ ಬೇರೆಯವರದಾಗಬಹುದು. ಇಂತಹ ಕಣಕ್ಕೆ ನೇರವಾಗಿ ಜಿಗಿಯುವುದು ಏಣಿಯ ಮೇಲಿನ ಮೆಟ್ಟಿಲಿಗೆ ಕಾಲಿಟ್ಟಂತೆ.

ಕೆಳಗಿನ ಮೆಟ್ಟಿಲು ಗ್ರಾಮ ಪಂಚಾಯಿತಿ. ಅಲ್ಲಿ ಪಕ್ಷದ ಗುರುತಿಲ್ಲ, ನೂರಾರು ಮತಗಳಲ್ಲೇ ಫಲಿತಾಂಶ ಬರುತ್ತದೆ, ಅಭ್ಯರ್ಥಿಯ ಕೆಲಸ ಎಲ್ಲರಿಗೂ ಕಣ್ಣಾರೆ ಗೊತ್ತು. ನಡುವಿನ ಮೆಟ್ಟಿಲುಗಳಾದ ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆ ನಡೆದು 2021ರಲ್ಲಿ ಅವಧಿ ಮುಗಿದರೂ, ವರ್ಷಗಟ್ಟಲೆ ಮರುಚುನಾವಣೆ ನಡೆಸಲಿಲ್ಲ. ಅದರಿಂದ ಹೆಚ್ಚು ನಷ್ಟವಾದದ್ದು ಹಣವಿಲ್ಲದ ಹೊಸಬರಿಗೆ. ಆ ಚುನಾವಣೆಗಳನ್ನು ಕಾಲಕಾಲಕ್ಕೆ ನಡೆಸಬೇಕೆಂದು ಒತ್ತಾಯಿಸುವುದು ಪರಿಸರ ಚಳವಳಿಯ ಬೇಡಿಕೆಗಳಲ್ಲಿ ಒಂದಾಗಬೇಕು.

ವಿದ್ಯಾರ್ಥಿಗಳು ಗಮನಿಸಬೇಕಾದ ಇನ್ನೊಂದು ಕಣವಿದೆ. ವಿಧಾನ ಪರಿಷತ್ತಿನ ನೈಋತ್ಯ ಪದವೀಧರ ಕ್ಷೇತ್ರವು ಚಿಕ್ಕಮಗಳೂರು, ಶಿವಮೊಗ್ಗ, ಉಡುಪಿ, ದಕ್ಷಿಣ ಕನ್ನಡ, ಕೊಡಗು ಜಿಲ್ಲೆಗಳನ್ನೂ ದಾವಣಗೆರೆಯ ಹೊನ್ನಾಳಿ, ಚನ್ನಗಿರಿ ಭಾಗವನ್ನೂ ಒಳಗೊಂಡಿದೆ. ಅಂದರೆ ಮಲೆನಾಡು ಮತ್ತು ಕರಾವಳಿಯ ದೊಡ್ಡ ಭಾಗ. ಅಲ್ಲಿ ಮತದಾರರು ಅಭ್ಯರ್ಥಿಗಳ ಹೆಸರಿನ ಮುಂದೆ 1, 2, 3 ಎಂದು ಪ್ರಾಶಸ್ತ್ಯ ಬರೆಯುತ್ತಾರೆ. ಮೊದಲ ಪ್ರಾಶಸ್ತ್ಯದವರು ಎಣಿಕೆಯಿಂದ ಹೊರಬಿದ್ದರೆ ಮತವು ಎರಡನೆಯವರಿಗೆ ಹೋಗುತ್ತದೆ. 'ಓಟು ಹಾಳು' ಎಂಬ ಮಾತಿಗೆ ಅಲ್ಲಿ ಜಾಗವೇ ಇಲ್ಲ. ನೆಚ್ಚಿದವರಿಗೆ 1, ಗೆಲ್ಲಬಹುದಾದವರಿಗೆ 2 ಬರೆದು ಬರಬಹುದು. ಆದರೆ ಈ ಕ್ಷೇತ್ರದ ಮತದಾರರ ಪಟ್ಟಿಯನ್ನು ಪ್ರತಿ ಚುನಾವಣೆಗೂ ಹೊಸದಾಗಿ ತಯಾರಿಸುತ್ತಾರೆ. ಹಿಂದೆ ಹೆಸರಿದ್ದವರೂ ಮತ್ತೆ ಅರ್ಜಿ ಹಾಕಬೇಕು. ಪದವಿ ಮುಗಿದು ಮೂರು ವರ್ಷ ಆಗಿರಬೇಕು. 2024ರ ಜೂನ್‌ನಲ್ಲಿ ಚುನಾವಣೆ ನಡೆದಿರುವುದರಿಂದ ಮುಂದಿನದು 2030ರಲ್ಲಿ ಬರಬೇಕು. ಇಂದು ಮೂಡಿಗೆರೆ, ಕಳಸದಿಂದ ಕಾಲೇಜಿಗೆ ಹೋಗುತ್ತಿರುವ ಅನೇಕರು ಅಷ್ಟರಲ್ಲಿ ಅರ್ಹರಾಗಿರುತ್ತಾರೆ. ಹಸಿರು ಕಾರ್ಯಕ್ರಮದ ಅಭ್ಯರ್ಥಿಯೊಬ್ಬರು ಮಲೆನಾಡಿನ ದೊಡ್ಡ ಭಾಗದ ಮುಂದೆ ನಿಂತು ತಮ್ಮ ಬಲವನ್ನು ಯಾರಿಗೂ ನಷ್ಟ ಮಾಡದೆ ಅಳೆದುಕೊಳ್ಳಬಹುದಾದ ಜಾಗ ಅದು.

ಒಟ್ಟಿನಲ್ಲಿ, ಸೋತು ಮತ್ತೆ ನಿಲ್ಲುವವರ ಬಗ್ಗೆ ಮತದಾರರು ಕೇಳಬೇಕಾದ ಪ್ರಶ್ನೆ ಗೆಲ್ಲುತ್ತಾರೋ ಇಲ್ಲವೋ ಎಂಬುದೊಂದೇ ಆಗಬಾರದು. ಹಿಂದಿನ ಸೋಲಿನ ಮರುದಿನದಿಂದ ಈ ವ್ಯಕ್ತಿ ಎಲ್ಲಿದ್ದರು? ಗ್ರಾಮಸಭೆಗೆ ಬಂದಿದ್ದರೇ? ಕೂಲಿಯ ಮಾತುಕತೆಯಲ್ಲಿ ಯಾರ ಕಡೆ ಕೂತಿದ್ದರು? ಚುನಾವಣೆಗೆ ಬಂದ ಹಣದ ಲೆಕ್ಕವನ್ನು ಊರಿನ ಮುಂದೆ ಇಟ್ಟರೇ? ತಮ್ಮ ನಂತರ ನಿಲ್ಲಬಲ್ಲ ಇಬ್ಬರನ್ನಾದರೂ ತಯಾರು ಮಾಡಿದರೇ? ಇವಕ್ಕೆ ಉತ್ತರವಿದ್ದರೆ ಆ ಅಭ್ಯರ್ಥಿಗೆ ಹಾಕಿದ ಮತ ಠೇವಣಿಯೊಡನೆ ಕಳೆದುಹೋಗುವುದಿಲ್ಲ. ಉತ್ತರವಿಲ್ಲದಿದ್ದರೆ ಮತದಾರರು ಬೇರೆ ದಾರಿ ನೋಡಿಕೊಳ್ಳುವುದರಲ್ಲಿ ತಪ್ಪಿಲ್ಲ.

ಚಳವಳಿಯ ಎದುರಿರುವ ಕೆಲಸವೂ ಸ್ಪಷ್ಟವಾಗಿದೆ. 2028ಕ್ಕೆ ಮೂಡಿಗೆರೆಯಲ್ಲಿ ಅಭ್ಯರ್ಥಿಯನ್ನು ನಿಲ್ಲಿಸಬೇಕೇ ಎಂಬ ಚರ್ಚೆಯು ತಾಲ್ಲೂಕು ಕೇಂದ್ರದ ಸಭಾಂಗಣದಲ್ಲಿ ಆರಂಭವಾಗಬಾರದು. ಲೈನ್ ಮನೆಗಳ ಅಂಗಳದಲ್ಲಿ, ಕಾಲೋನಿಗಳ ಸಮುದಾಯ ಭವನಗಳಲ್ಲಿ, ಸಂಜೆ ಕೆಲಸ ಬಿಟ್ಟ ಮೇಲೆ ಆರಂಭವಾಗಬೇಕು. ಅಲ್ಲಿನ ಜನ ತಮ್ಮಲ್ಲೊಬ್ಬರ ಹೆಸರು ಹೇಳಿದರೆ ಒಂದಲ್ಲ, ಮೂರು ಚುನಾವಣೆಗಳವರೆಗೆ ಅವರ ಜೊತೆ ನಿಲ್ಲುವ ತೀರ್ಮಾನವನ್ನು ಉಳಿದವರು ಮಾಡಬೇಕು. ಹೆಸರು ಬಾರದಿದ್ದರೆ ಈ ಸಲ ಸ್ಪರ್ಧಿಸದಿರುವುದೇ ಒಳ್ಳೆಯದು. ಆಗ ಗ್ರಾಮ ಪಂಚಾಯಿತಿಯಿಂದ ಕೆಲಸ ಶುರುಮಾಡಬಹುದು.